ಕಾಕುವಿನ ಕೆಮ್ಮಣ್ಣಿನ ಬೇಳೆ

ಹೋದ ವಾರ ಚಿತ್ತಾಪುರದ ನಮ್ಮ ಅಡುಗೆಮನೆಯಲ್ಲಿ ಮೂವರಿದ್ದೆವು: ನಾನು, ನನ್ನ ಹೆಂಡತಿ, ದಂಡೋತಿಯಿಂದ ಬಂದಿದ್ದ ಕಾಕುವಿನ ಸೊಸೆ. ಆಕೆ ತಾನು ತಂದ ಚೀಲದ ಬಾಯಿ ಬಿಚ್ಚಿದಳು. ತೊಗರಿಬೇಳೆ. ಅದರ ಜೊತೆಗೆ, ಬಿಸಿಲಿಗೆ ಒಣಗಿದ ಕೆಮ್ಮಣ್ಣಿನ ಆ ವಾಸನೆ... ಚಹಾದ ಬಟ್ಟಲು ಹಿಡಿದವನು ಹಾಗೇ ನಿಂತುಬಿಟ್ಟೆ.

ತೊಂಬತ್ತರ ದಶಕದ ಕೊನೆಗೆ ನಾನು ದಂಡೋತಿಯಲ್ಲಿ ಮಾಸ್ತರನಾಗಿದ್ದೆ. ಕಾಕು ಪಕ್ಕದ ಮನೆಯಾಕೆ. ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು; ನಾನೂ ಅಂದೆ. ಓಣಿಯ ನಾಲ್ವರು ಹೆಂಗಸರನ್ನು ಕೂಡಿಸಿಕೊಂಡು ಆಕೆ ತೊಗರಿ ನೆನೆಹಾಕಿ, ಸಿಪ್ಪೆ ಸಡಿಲಾಗಲೆಂದು ಕೆಮ್ಮಣ್ಣು ಕಲಸಿ ಹಚ್ಚಿ, ಮಾಳಿಗೆಯ ಮೇಲೆ ಒಣಗಿಸಿ, ಮಣ್ಣು ಜರಡಿ ಹಿಡಿದು, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದಳು. ಬೇಳೆಯೇನೋ ಚಿನ್ನದಂತೆ ಬಂತು, ಕೊಳ್ಳುವವರು ಬರಲಿಲ್ಲ. ಚೀಲಗಳು ಪಡಸಾಲೆಯಲ್ಲೇ ಕೂತವು. ಯುಗಾದಿಯೊಳಗೆ ಮಾರದಿದ್ದರೆ ಹೆಂಗಸರು ಮತ್ತೆ ಶಹಾಬಾದಿನ ಕಲ್ಲಿನ ಗಣಿಗೆ ಕೂಲಿಗೆ ಹೊರಡುವವರಿದ್ದರು.

ಅಂಥ ಹೊತ್ತಿನಲ್ಲಿ ಒಂದು ಜೀಪು ಬಂತು. ವಿದೇಶದ ನೆರವು ತರುವ ಸಂಸ್ಥೆಯ ಸಾಹೇಬರು, ಜೊತೆಗೆ ಒಬ್ಬ ಬಿಳಿಯ ಹೆಣ್ಣುಮಗಳು. ಬೇಳೆ ಒಡೆಯುವ ಮಿಷಿನ್ ಪುಕ್ಕಟೆ ಕೊಡಲು ಬಂದವರು. ಕಾಕು ಮೊಣಕೈತನಕ ಕೆಂಪಾಗಿ ತೊಗರಿಗೆ ಮಣ್ಣು ಹಚ್ಚುವುದನ್ನು ಕಂಡು ಆ ಹೆಣ್ಣುಮಗಳು ಗಾಬರಿಯಾದಳು.

"ತಿನ್ನೋ ಕಾಳಿಗಿ ಮಣ್ಣ ಯಾಕಂತ ಕೇಳ್ಲಿಕತ್ತಾರ," ಎಂದರು ಸಾಹೇಬರು.

"ಮೊದ್ಲು ಉಣ್ಣಂತ ಹೇಳ್ರಿ, ಆಮ್ಯಾಲ ಕೇಳ್ಲಿ."

ಎಲ್ಲರನ್ನೂ ಕೂಡಿಸಿ ಬಿಸಿ ರೊಟ್ಟಿ, ಬೇಳೆ ಬಡಿಸಿದಳು. ಜೀಪಿನಲ್ಲೇ ಕೂತಿದ್ದ ಡ್ರೈವರನಿಗೆ, "ನಿನಗೇನು ಆರತಿ ಹಿಡ್ದು ಕರೀಬೇಕೇನಪಾ?" ಎಂದು ಗದರಿದಳು. ಬಿಳಿಯ ಹೆಣ್ಣುಮಗಳು ಎರಡು ಸಲ ಬೇಳೆ ಹಾಕಿಸಿಕೊಂಡಳು. ಕಾಕು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಕೈ ತೊಳೆಯುವಾಗ ಮಾತು ತೆಗೆದಳು. "ಮಿಷಿನ್ ಬ್ಯಾಡ್ರಿ ಸಾಹೇಬ್ರ. ಒಡಿಯೋ ಕಲ್ಲ ನಮ್ಮ ಹತ್ರ ಅದ. ನಮಗ ಬೇಕಾದದ್ದು ಗಿರಾಕಿ. ಎರಡು ಚೀಲ ಬ್ಯಾಳಿ ಕೊಳ್ರಿ."

ಸಾಹೇಬರು ತಡವರಿಸಿದರು. ಕೊಡಲು ನಿಯಮವಿದೆ, ಕೊಳ್ಳಲು ಇಲ್ಲ...

"ಪುಕ್ಕಟೆ ಕೊಡ್ಲಿಕ್ಕ ಕಾಯ್ದಾ ಅದ, ಕೊಳ್ಳಲಿಕ್ಕ ಇಲ್ಲ? ಭಾಳ ಚಂದ ಅದ ರೀ ನಿಮ್ಮ ಕಾಯ್ದಾ!"

ಸಾಹೇಬರು ಜೀಪು ಹತ್ತಿದರು. ಹೆಂಗಸರಲ್ಲೊಬ್ಬಳು ಅಂದೇಬಿಟ್ಟಳು, "ಬಂದ ಮಿಷಿನ್ ಹೊಳ್ಳಿ ಕಳಿಸ್ದಿ. ನಾಳಿ ನಮ್ಮ ಜೋಡಿ ಗಣಿಗಿ ನೀನೂ ಬರ್ತಿಯೇನು ಕಾಕು, ಬುಟ್ಟಿ ಹೊರ್ಲಿಕ್ಕ?" ಕಾಕು ತೊಳೆದ ಕೈಯನ್ನು ಮತ್ತೆ ಕೆಮ್ಮಣ್ಣಿಗೆ ಹಾಕಿದಳು.

ಆಗ ಡ್ರೈವರ ಕೆಳಗಿಳಿದು ಬಂದ. ಹೆಗಲ ಮೇಲಿನ ಟವೆಲ್ ಹಾಸಿದ. "ಜೀಪು ಬಾಡಿಗಿದು ಕಾಕು, ನಾನು ಇವ್ರ ಮಂದಿ ಅಲ್ಲ. ನನಗ ಯಾವ ಕಾಯ್ದಾನೂ ಇಲ್ಲ. ಐದು ಸೇರು ಹಾಕ್ರಿ."

ಹೊರಗಿನವರಿಗೆ ಮಾರಿದ ಮೊದಲ ಬೇಳೆ ಅದು. ಹದಿನೈದು ದಿನಕ್ಕೆ ಆತ ಖಾಲಿ ಚೀಲ ಹಿಡಿದು ಮತ್ತೆ ಬಂದ. ತನ್ನೂರು ವಾಡಿಯ ಡ್ರೈವರುಗಳ ಮನೆಗೆಲ್ಲ ಬೇಕಂತೆ. ಅಲ್ಲಿಂದ ಶಹಾಬಾದು, ಸೇಡಂ... ಯುಗಾದಿ ಬಂತು, ಹೋಯಿತು. ಹೆಂಗಸರು ಗಣಿಗೆ ಹೋಗಲಿಲ್ಲ. ಮೂರನೆಯ ವರ್ಷ ಕಾಕು ಮಿಷಿನ್ನೂ ತಂದಳು, ಬೇಳೆ ಮಾರಿದ ರೊಕ್ಕದಲ್ಲಿ. ಮಣ್ಣು ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಪೂಜೆಯ ದಿನ ಮಿಷಿನ್ನಿನ ಬೆನ್ನ ಮೇಲೆ ಕೈಯಾಡಿಸಿ, "ಇದು ನಮ್ದು ರೀ ಮಾಸ್ತರ," ಎಂದಳು. ನನಗೇ ಎದೆ ಉಬ್ಬಿತು.

ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡಳು. ನಾನು ಊರಲ್ಲಿರಲಿಲ್ಲ, ಮುಖ ನೋಡುವುದೂ ಆಗಲಿಲ್ಲ...

ಚಹಾ ಕುಡಿಯುತ್ತ ಸೊಸೆ ಹೇಳಿದಳು. ಕಾಕು ತೀರಿದ ಮೂರನೆಯ ದಿನ ಆ ಡ್ರೈವರ, ಈಗ ಮುದುಕ, ಸುದ್ದಿ ಗೊತ್ತಿಲ್ಲದೆ ಖಾಲಿ ಚೀಲ ಹಿಡಿದು ಬಂದನಂತೆ. ಕೇಳಿದವನು ಚೀಲ ಮಡಚತೊಡಗಿದನಂತೆ. ಈಕೆ ಚೀಲ ತುಂಬಿಕೊಟ್ಟು, ಇವತ್ತು ರೊಕ್ಕ ಬೇಡ ಎಂದಳು. "ಪುಕ್ಕಟೆ ಒಯ್ದ್ರ ಆಕಿ ಬೈತಾಳವ್ವ," ಎಂದವನು ರೊಕ್ಕವನ್ನು ಆ ಹಳೆಯ ಬೀಸುವ ಕಲ್ಲಿನ ಮೇಲಿಟ್ಟು ಹೋದ.

ನಾನು ಒಳಗೆ ಹೋಗಿ ಬೇಳೆಯ ರೊಕ್ಕ ತಂದು ಕೊಟ್ಟೆ. ಆಕೆ ಬೇಡ ಎನ್ನಲಿಲ್ಲ.