ಹಿಮದಡಿಯ ನೀರನ್ನು ಅಳೆದ ಬಸ್ತ್ಯಾಂವ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ದಾಂಡೇಲಿ ಬಳಿಯ ಕೋಗಿಲಬನದ ಕೆಳಗೆ ಕಾಳಿ ನದಿಯ ಮೇಲಿನ ಮಂಜು ಇನ್ನೂ ಚದುರಿಲ್ಲ. ಬಸ್ತ್ಯಾಂವ್ ಸಿದ್ದಿ ಮೊಣಕಾಲುದ್ದ ನೀರಿಗಿಳಿದು, ಬಣ್ಣ ಬಳಿದ ಅಳತೆಗಂಬದ ಮುಂದೆ ಬಾಗಿ ಗೆರೆ ನೋಡುತ್ತಾರೆ. ಆಮೇಲೆ ಪಕ್ಕದ ಮಡುವಿಗೆ ಹಗ್ಗ ಕಟ್ಟಿದ ಥರ್ಮಾಮೀಟರು ಬಿಟ್ಟು ಅಲ್ಲಾಡದೆ ನಿಲ್ಲುತ್ತಾರೆ. ತುಟಿ ಮಾತ್ರ ಆಡುತ್ತಿರುತ್ತದೆ. ಮುನ್ನೂರು ಎಣಿಸಿದ ಮೇಲೆಯೇ ಹಗ್ಗ ಮೇಲೆ ಬರುವುದು. ಅಂಕಿಯನ್ನು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡು ಪುಸ್ತಕದಲ್ಲಿ ಬರೆಯುತ್ತಾರೆ. ಅಕ್ಷರದಲ್ಲಿ ತಮ್ಮ ಹೆಸರು ಗೀಚುವುದಷ್ಟೇ ಬರುತ್ತದೆ. ಅಂಕಿಗಳು ಮಾತ್ರ ಮುದ್ದಾಗಿವೆ. ಪುಸ್ತಕ ಹಿಡಿದ ಎಡಗೈಯಲ್ಲಿ ಇರುವುದು ಹೆಬ್ಬೆರಳು, ತೋರುಬೆರಳು ಎರಡೇ.

"ಮುನ್ನೂರು ಯಾಕೆ? ನೂರು ಸಾಲದೇ?" ಎಂದು ಕೇಳುತ್ತೇನೆ.

"ನೂರಕ್ಕೂ ಅದ ಅಂಕಿ ಬರ್ತೈತ್ರೀ. ಆದ್ರ ಅವಸರ ಮಾಡಿದಿ ಅಂತ ನನಗ ಇನ್ನೊಮ್ಮೆ ಯಾರೂ ಅನಬಾರದು."

ಅಣೆಕಟ್ಟಿನ ಸರ್ವೇ ಕ್ಯಾಂಪಿನವರಿಗಾಗಿ ದಿನಕ್ಕೆ ಮೂರು ಸಲ, ನಾಲ್ಕು ವರ್ಷಗಳಿಂದ ಅವರು ಈ ನದಿಯನ್ನು ಅಳೆಯುತ್ತಿದ್ದಾರೆ. ಮಳೆಗಾಲದಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ ದಿನಗಳೂ ಉಂಟು. ಇನ್ನೂ ದಿನಗೂಲಿಯೇ. ದಾಂಡೇಲಿಯ ಚಹಾದಂಗಡಿಗಳಲ್ಲಿ ಅವರನ್ನು 'ನೀರಿನ ಬಸ್ತ್ಯಾಂವ್' ಎಂದು ಕರೆದು ನಗುತ್ತಾರೆ. ಭೂಮಿಯ ದಕ್ಷಿಣದ ತುದಿಯಲ್ಲಿ, ಸಮುದ್ರದ ಮೇಲೆ ತೇಲುವ ಹಿಮದ ಬುಡದ ನೀರನ್ನು ಅಳೆದ ಕೈ ಇದು ಎಂದರೆ ನಗು ಇನ್ನೂ ಜೋರಾಗುತ್ತದೆ.

ಬಸ್ತ್ಯಾಂವ್ ಹುಟ್ಟಿದ್ದು ಜೋಯಿಡಾ ಕಾಡಿನ ಸಿದ್ದಿ ಕುಟುಂಬದಲ್ಲಿ. ಹರೆಯದಲ್ಲಿ ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ವ್ಯಾಗನ್ನಿಗೆ ಸರಕು ತುಂಬುತ್ತಿದ್ದರು. ಅಲ್ಲಿ ಜೊತೆಯಾದವನು ಹಳಿಯಾಳದ ಹತ್ತಿರದ ಒಕ್ಕಲು ಮನೆತನದ ಪರಸಪ್ಪ. ಅಣ್ಣತಮ್ಮಂದಿರ ಜೊತೆ ಜಗಳಾಡಿ, ಹೆಂಡತಿ ಶಿವಗಂಗವ್ವನನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಇಬ್ಬರೂ ಘಟ್ಟ ಇಳಿದು ಮುರ್ಮುಗೋವಾ ಬಂದರಿನಲ್ಲಿ ಹಡಗು ಹತ್ತಿದರು. ೧೯೫೫ರಲ್ಲಿ ಗೋವಾದ ಗಡಿ ಮುಚ್ಚಿ ರೈಲು ನಿಂತಿತು. ಊರಿನ ದಾರಿಯೂ ಮುಚ್ಚಿತು.

"ಬಂದರದಿಂದ ಬಂದರಕ್ಕ ತಿರಗಿದ್ವಿ," ಎನ್ನುತ್ತಾರೆ ಬಸ್ತ್ಯಾಂವ್. "ಪರಸ್ಯಾ ಮೀನ ಮುಟ್ಟತಿರಲಿಲ್ಲ. ನನ್ನ ಪಾಲಿನ ಬ್ರೆಡ್ ಅವಂಗ, ಅವನ ಪಾಲಿನ ಮೀನ ನನಗ."

೧೯೫೭ರ ಕೊನೆಗೆ ಅವರಿದ್ದ ಹಡಗನ್ನು ಹೊರದೇಶದ ವಿಜ್ಞಾನಿಗಳು ಬಾಡಿಗೆಗೆ ಹಿಡಿದರು. ದೇಶ ದೇಶಗಳು ಕೂಡಿ ಭೂಮಿಯನ್ನು ಅಭ್ಯಾಸ ಮಾಡಲು ಹೊರಟಿದ್ದ ವರ್ಷ ಅದು. ದಕ್ಷಿಣಕ್ಕೆ ಹೋಗಿ ಹೋಗಿ ಹಡಗು ಒಂದು ಬಿಳಿ ಗೋಡೆಯ ಮುಂದೆ ನಿಂತಿತು. ನೆಲದ ಮೇಲಿನ ಹಿಮ ಜಾರುತ್ತ ಬಂದು ಸಮುದ್ರದ ಮೇಲೆ ಚಪ್ಪರದಂತೆ ಚಾಚಿಕೊಂಡಿರುತ್ತದೆ. ನೀರಿನ ಮೇಲೆ ಕಾಣುವುದು ತೆಂಗಿನ ಮರದೆತ್ತರ. ಮುಳುಗಿರುವುದು ಅದರ ಏಳೆಂಟು ಪಟ್ಟು. ಅಂಚು ತಗ್ಗಾಗಿದ್ದ ಒಂದು ಕಡೆ ಸಾಮಾನು ಇಳಿಸುವುದೆಂದು ತೀರ್ಮಾನವಾಯಿತು.

ತಂತಿ ಇಳಿಸಿ ಎತ್ತುವ ರಾಟೆಯ ಕೆಲಸ ಬಸ್ತ್ಯಾಂವ್ ಅವರದು. ಉಕ್ಕಿನ ತಂತಿಗೆ ಹನ್ನೆರಡು ಲೋಹದ ಬಾಟಲಿ, ಒಂದೊಂದಕ್ಕೆ ಎರಡೆರಡು ಥರ್ಮಾಮೀಟರು. ಆಳಕ್ಕಿಳಿಸಿ ಐದು ನಿಮಿಷ ಕಾದು, ತಂತಿಯ ಗುಂಟ ಒಂದು ಲೋಹದ ಗುಂಡು ಜಾರಿ ಬಿಡಬೇಕು. ಅದು ಬಡಿದಾಗ ಬಾಟಲಿಗಳು ತಲೆಕೆಳಗಾಗಿ, ಆ ಆಳದ ನೀರಿನ ಶಾಖ ಥರ್ಮಾಮೀಟರಿನಲ್ಲಿ ಹಾಗೆಯೇ ನಿಲ್ಲುತ್ತದೆ. ಗಡಿಯಾರವಿದ್ದದ್ದು ಒಳಗೆ ಕೂತ ಮೇಲಧಿಕಾರಿಯ ಕೈಯಲ್ಲಿ. ಹೊರಗೆ ಬಸ್ತ್ಯಾಂವ್ ಬಾಯಲ್ಲಿ ಮುನ್ನೂರು ಎಣಿಸುತ್ತಿದ್ದರು.

ಮೇಲಿನ ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗೆ. ಉಪ್ಪುನೀರಾದ್ದರಿಂದ ಹೆಪ್ಪುಗಟ್ಟಿರಲಿಲ್ಲ. ಸಾವಿರದೈನೂರು ಅಡಿ ಕೆಳಗಿನ ನೀರು ಸೊನ್ನೆಗಿಂತ ಒಂದು ಡಿಗ್ರಿ ಮೇಲೆ! ಎರಡನೆಯ ಸಲ ಇಳಿಸಿದರೂ ಅದೇ ಅಂಕಿ.

"ನನಗ ವಿದ್ಯೆ ಇಲ್ಲ, ಖರೆ. ಆದ್ರ ಕೈಗೆ ಗೊತ್ತಾಗ್ತೈತಲ್ರೀ. ತಂತಿ ನೆಟ್ಟಗ ಇಳೀಲಿಲ್ಲ, ಕೆಳಗ ಹಿಮದ ಬುಡಕ್ಕ ಎಳ್ಕೊಂಡು ಹೊಂಟಿತ್ತು. ಗ್ವಾಡಿ ಹತ್ತರ ಮ್ಯಾಲಿನ ನೀರು ಬಾಯಾಗ ಹಾಕ್ಕೊಂಡ್ರ ಉಪ್ಪು ಕಡಿಮಿ. ಮ್ಯಾಲೆ ಹಿಮ ಒಂದು ಹನಿ ಕರಗಿರಲಿಲ್ಲ. ಹಂಗಾರ ಆ ಸಪ್ಪನ ನೀರು ಎಲ್ಲಿಂದ ಬಂತು? ಬುಡದಿಂದ. ಸಮುದ್ರ ಕೆಳಗಿಂದ ತಿನ್ನಾಕ ಹತ್ತಿತ್ತು."

ಹಡಗಿನಲ್ಲಿದ್ದ ಒಬ್ಬ ಎಳೆಯ ವಿಜ್ಞಾನಿ ಹೌದೆಂದು ತಲೆಯಾಡಿಸಿ, ಕೈಸನ್ನೆಯಲ್ಲೇ ಅವರಿಗೆ ವಿವರಿಸಿದನಂತೆ. ಆಳದ ನೀರು ಬೆಚ್ಚಗಿದ್ದರೂ ಉಪ್ಪು ಹೆಚ್ಚಾದ್ದರಿಂದ ಭಾರ. ಅದು ಮೇಲೇಳದೆ ತಳದಲ್ಲೇ ಹರಿದು ಹಿಮದಡಿ ಸೇರುತ್ತದೆ. ಅಲ್ಲಿ ಹಿಮ ಕರಗಿಸಿ, ಕರಗಿದ ಸಿಹಿನೀರು ಬೆರೆತು ಹಗುರಾಗಿ, ಹಿಮದ ಹೊಟ್ಟೆ ಸವರುತ್ತ ಮೇಲೆ ಬರುತ್ತದೆ. ಅದು ಬಿಟ್ಟ ಜಾಗಕ್ಕೆ ಮತ್ತೆ ಬೆಚ್ಚನೆಯ ನೀರು ನುಗ್ಗುತ್ತದೆ.

ಮೇಲಧಿಕಾರಿ ಒಪ್ಪಲಿಲ್ಲ. ರಾಟೆಯ ಕೂಲಿ ಚಳಿ ತಡೆಯಲಾರದೆ ಐದು ನಿಮಿಷ ಕಾಯದೆ ಗುಂಡು ಬಿಟ್ಟಿದ್ದಾನೆ ಎಂದ. ಎರಡು ಅಂಕಿಗಳ ಮೇಲೂ ಕೆಂಪು ಗೆರೆ ಎಳೆದ. ಮರುದಿನ ಮುಂಜಾನೆ ಸಾಮಾನು ಇಳಿಸಲು ಐವರನ್ನು ಹಿಮದಂಚಿಗೆ ಕಳಿಸಿದ. ಅವರಲ್ಲಿ ಪರಸಪ್ಪ ಒಬ್ಬ.

"ಸಾಹೇಬ್ರ, ಬುಡ ಪೊಳ್ಳೈತಿ ಅಂದೆ. ನನ್ನ ಮಾತು ಅವಂಗ ತಿಳೀಲಿಲ್ಲೋ, ತಿಳಕೋಬಾರದು ಅಂತಿದ್ನೋ."

ಹತ್ತು ಗಂಟೆಗೆ ಅಂಚು ಮುರಿಯಿತು. ಹಡಗಿನವರು ನಾಲ್ವರನ್ನು ಮೇಲಕ್ಕೆ ಎಳೆದುಕೊಂಡರು. ಪರಸಪ್ಪನ ಸೊಂಟದ ಹಗ್ಗ ಬಸ್ತ್ಯಾಂವ್ ಕೈಗೆ ಸಿಕ್ಕಿತ್ತು. ಮುಂಗೈಗೆ ಸುತ್ತಿ ಹಿಡಿದರು. ಹಿಮದ ತುಂಡು ಮಗುಚಿದಾಗ ಹಗ್ಗ ಮೂರು ಬೆರಳನ್ನೂ ಪರಸಪ್ಪನನ್ನೂ ಒಟ್ಟಿಗೆ ಒಯ್ದಿತು.

ನಿಜವಾದ ಕೇಡು ನಡೆದದ್ದು ಆಮೇಲೆ. ಜ್ವರದಲ್ಲಿ ಮಲಗಿದ್ದ ಬಸ್ತ್ಯಾಂವ್ ಮುಂದೆ ಒಂದು ಕಾಗದ ಹಿಡಿದರು. ಓದಲು ಬಾರದ ಭಾಷೆ. ಆಸ್ಪತ್ರೆಯ ಕಾಗದವಿರಬೇಕೆಂದು ಹೆಸರು ಗೀಚಿದರು. ಬಾಟಲಿ ಎತ್ತುವಾಗ ಅವಸರ ಮಾಡಿದ್ದು ನಿಜವೆಂದೂ, ಪರಸಪ್ಪ ಯಾರೂ ಹೇಳದೆ ತಾನಾಗಿ ಅಂಚಿಗೆ ಹೋದನೆಂದೂ ಅದರಲ್ಲಿ ಬರೆದಿತ್ತು. ಅದು ತಿಳಿದದ್ದು ಎರಡು ತಿಂಗಳ ಮೇಲೆ, ಬಂದರಿನಲ್ಲಿ ಒಬ್ಬ ಗೋವೆಯವನು ಅದರ ಪ್ರತಿಯನ್ನು ಓದಿ ಹೇಳಿದಾಗ.

ಗೋವಾ ಬಿಡುಗಡೆಯಾಗಿ ದಾರಿ ತೆರೆದ ಮೇಲೆ, ೧೯೬೨ರಲ್ಲಿ, ಅವರು ಮೊದಲು ಹೋದದ್ದು ತಮ್ಮ ಮನೆಗಲ್ಲ, ಶಿವಗಂಗವ್ವನ ಮನೆಗೆ. ಸಾವಿನ ಸುದ್ದಿಯ ಜೊತೆ ಆ ಸಹಿ ಮಾಡಿದ ಕಾಗದವೂ ಅದಾಗಲೇ ಊರಿಗೆ ಬಂದಿತ್ತು. ಸಹಿ ತಮ್ಮದೆಂದು ಬಸ್ತ್ಯಾಂವ್ ಮುಚ್ಚಿಡಲಿಲ್ಲ. ಆಕೆ ಬಾಗಿಲು ಹಾಕಿಕೊಂಡರು.

ಹೋದ ವರ್ಷ, ೧೯೬೯ರಲ್ಲಿ, ಸರ್ವೇ ಕ್ಯಾಂಪಿನ ಓವರ್‌ಸಿಯರ್ ಬಸಲಿಂಗಯ್ಯನವರು ಧಾರವಾಡದಿಂದ ಒಂದು ವಿಜ್ಞಾನ ಪತ್ರಿಕೆ ತಂದರು. ಆ ಹಿಮದ ಚಪ್ಪರ ಕೆಳಗಿಂದಲೇ ಕರಗುತ್ತಿದೆ, ೧೯೫೮ರಲ್ಲಿ ತಪ್ಪೆಂದು ಬಿಟ್ಟ ಎರಡು ಅಳತೆಗಳು ಸರಿ ಇದ್ದಂತೆ ತೋರುತ್ತದೆ ಎಂದು ಅದರಲ್ಲಿತ್ತು. ಅಳೆದವನ ಹೆಸರಿಲ್ಲ. ಸತ್ತವನ ಸುದ್ದಿಯೇ ಇಲ್ಲ. ಬಸಲಿಂಗಯ್ಯ ಆ ಹಡಗಿನ ವಿಜ್ಞಾನಿಗಳ ದೇಶಕ್ಕೆ ಪತ್ರ ಬರೆದರು. ಪ್ರಕರಣ ಮುಗಿದಿದೆ, ಸಾಕ್ಷಿಯೇ ಸಹಿ ಮಾಡಿದ್ದಾನೆ ಎಂದು ಎರಡು ಸಾಲಿನ ಉತ್ತರ ಬಂತು. ಅಂಕಿಗೆ ಸಿಕ್ಕ ನ್ಯಾಯ ಮನುಷ್ಯನಿಗೆ ಸಿಗಲಿಲ್ಲ.

ಬುಡ ಸವೆದದ್ದಕ್ಕೇ ಅಂಚು ಮುರಿಯಿತೇ ಎಂದು ಕೇಳುತ್ತೇನೆ. ಬಸ್ತ್ಯಾಂವ್ ಹೇಳುತ್ತಾರೆ: "ಅದ ದಿನ ಯಾಕ ಮುರೀತು ಅಂತ ನಾ ಹೇಳಾಂವಲ್ಲ. ನೋಡಲಾರದ್ದು ಹೇಳಬಾರದು. ಅಳೆದದ್ದಷ್ಟ ಹೇಳತೇನಿ."

ಹಳಿಯಾಳದ ಅಕ್ಕಿ ಗಿರಣಿಯಲ್ಲಿ ಶಿವಗಂಗವ್ವ ನುಚ್ಚು ಕೇರುತ್ತಾರೆ. ಕೈಯ ಮೊರ ಕೆಳಗಿಡದೆ ಮಾತಾಡುತ್ತಾರೆ.

"ವರ್ಷಕ್ಕೊಮ್ಮೆ ಬರ್ತಾನ. ಕಟ್ಟಿ ಮ್ಯಾಲೆ ಕುಂದರತಾನ. ನಾ ನೀರೂ ಕೊಡೂದಿಲ್ಲ. ಅಂವ ಹೇಳೂದು ಖರೆ ಅಂತ ನನಗ ಗೊತ್ತೈತ್ರೀ. ಆದ್ರ ನನ್ನ ಮೈದುನಗೋಳು ಆ ಕಾಗದ ಊರ ಮಂದಿ ಮುಂದ ಓದಿಸಿದ್ರು. ತನ್ನ ತಪ್ಪಿಂದ ಸತ್ತ ಅಂದ್ರು. ಮಂದಿ ನನ್ನ ನೋಡಿ ಇವತ್ತಿಗೂ ಹಂಗ ಅಂತಾರ. ಇಂವ ಕಟ್ಟಿ ಮ್ಯಾಲೆ ಕುಂತು ಅತ್ರ ಯಾರು ಕೇಳ್ಯಾರ?"

ಆ ಮಾತನ್ನು ಕೋಗಿಲಬನಕ್ಕೆ ಮರಳಿ ಬಸ್ತ್ಯಾಂವ್‌ಗೆ ತಿಳಿಸುತ್ತೇನೆ. ಮಧ್ಯಾಹ್ನದ ಅಳತೆಗೆ ಹೊತ್ತಾಗಿದೆ. ಅವರು ಎದ್ದು ನಿಂತು, ನನ್ನ ಕೈಯ ಪೆನ್ನಿನ ಕಡೆ ನೋಡುತ್ತಾರೆ.

"ಹಳಿಯಾಳಕ್ಕ ನಿಮ್ಮ ಪೇಪರ ಬರ್ತೈತೇನ್ರೀ?"

ಬರುತ್ತದೆ ಎನ್ನುತ್ತೇನೆ.

"ಹಂಗಾರ ನನ್ನ ಸುದ್ದಿ ಬಿಡ್ರಿ. ಪರಸಪ್ಪ ತಾನಾಗಿ ಹೋಗಲಿಲ್ಲ, ಅವನ್ನ ಕಳಿಸಿದ್ರು. ಇಷ್ಟ ಬರೀರಿ, ದೊಡ್ಡ ಅಕ್ಷರದಾಗ ಬರೀರಿ."