ತೂಬು ಎತ್ತುವ ಕೈ

ಮೊನ್ನೆ ರಾಮನಗರದ ಮಗಳ ಮನೆಯಲ್ಲಿ ಸಿಂಕಿನ ನೀರು ಇಳಿಯದೆ ನಿಂತುಬಿಟ್ಟಿತು. "ತೂಬು ಕಟ್ಟಿಕೊಂಡೈತೆ, ಕಡ್ಡಿ ತಗೊಂಬಾ" ಅಂದೆ. ಮೊಮ್ಮಗಳು ಮಿಕಿಮಿಕಿ ನೋಡಿದಳು. "ತೂಬು ಅಂದ್ರೇನಜ್ಜಿ?"

ಅಯ್ಯೋ ಶಿವನೇ! ತಿಪ್ಪಸಂದ್ರದ ಕಡೆ ನಮಗೆ ತೂಬು ಅಂದರೆ ಕೆರೆ ಏರಿಯ ಬುಡದ ಕಲ್ಲಿನ ಕಂಡಿ, ನೀರು ಕಾಲುವೆಗಿಳಿದು ಗದ್ದೆಗೆ ಹೋಗುವ ಬಾಗಿಲು. ಅದಕ್ಕೊಂದು ಬಿರಡೆ. "ನೀರು ಬಿಟ್ರಾ" ಅಂತ ಯಾರೂ ಕೇಳುತ್ತಿರಲಿಲ್ಲ, "ತೂಬೆತ್ತಿದ್ರಾ" ಅನ್ನುತ್ತಿದ್ದರು. ಎತ್ತುವುದು ನೀರುಗಂಟಿ ಒಬ್ಬನೇ. ಬೇರೆಯವರು ಮುಟ್ಟುವ ಹಾಗಿಲ್ಲ. ನಮ್ಮೂರಿಗೆ ನಮ್ಮ ಮಾವನೇ ನೀರುಗಂಟಿ.

ನನ್ನ ತವರಿನ ಗದ್ದೆಯೂ ಅದೇ ಕೆರೆಯ ಕೆಳಗೆ. ನಾನು ಮದುವೆಯಾಗಿ ಬಂದ ವರ್ಷ ಕೆರೆ ಅರ್ಧವೂ ತುಂಬಲಿಲ್ಲ. ಅಪ್ಪನ ಸರದಿ ಮುಗಿದಿತ್ತು, ಹೊಡೆಗೆ ಬಂದು ಇನ್ನೇನು ತೆನೆ ಬಿಚ್ಚಬೇಕಿದ್ದ ಭತ್ತ ಬಾಡುತ್ತಿತ್ತು. ಅಪ್ಪ ಬಂದು ಜಗಲಿಯ ಮೇಲೆ ಕೂತು, "ಬೀಗರೇ, ಒಸಿ ನಮ್ ಕಡೀಕೆ ತಿರುಗ್ಸಿ" ಅಂದ.

"ಇನ್ನೊಬ್ರ ಸರದಿ ನೀರ ಕೊಡಾಕೆ ನಾನ್ಯಾರು ಬೀಗರೇ?" ಅಂದರು ಮಾವ.

ಅಪ್ಪ ನೀರೂ ಕುಡಿಯದೆ ಎದ್ದು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಮಾವನ ಜೊತೆ ಮಾತು ಬಿಟ್ಟೆ. ಮೊದಲು ಮಹಾ ಮಾತಾಡುತ್ತಿದ್ದೆ ಅನ್ನಿ! ಹೊಸ ಸೊಸೆ, ಬಾಗಿಲ ಹಿಂದೆ ನಿಂತು ಹ್ಞೂಂ ಅನ್ನುವವಳು. ನನ್ನ ಸಿಟ್ಟು ಅವರಿಗೆ ಗೊತ್ತಾಗಲಿ ಅಂತ ಮುದ್ದೆಯನ್ನೇ ಸಣ್ಣದು ಕಟ್ಟಿ ಇಟ್ಟೆ. ಒಂದು ದಿನವಲ್ಲ, ಸುಗ್ಗಿಯವರೆಗೂ. ಏರಿ ಮೇಲೆ ದಿನವಿಡೀ ಓಡಾಡಿ ಬಂದ ಮನುಷ್ಯ, ತಟ್ಟೆಯಲ್ಲಿದ್ದಷ್ಟು ಉಂಡು ಕೈತೊಳೆದು ಏಳುತ್ತಿದ್ದರು. ಇನ್ನೊಂದು ಹಾಕವ್ವ ಅನ್ನಲಿಲ್ಲ.

ಸುಗ್ಗಿಯಲ್ಲಿ ಅಪ್ಪನ ಕಣದಲ್ಲಿ ಭತ್ತದ ರಾಶಿ, ನಮ್ಮ ಕಣದಲ್ಲಿ ಬರೀ ಜೊಳ್ಳು. ಇದೇನತ್ತೆ ಹಿಂಗೆ ಅಂದಾಗ ಅತ್ತೆ ಮೊರ ಕೆಳಗಿಟ್ಟು ಹೇಳಿದರು: "ನಿಮ್ ಮಾವ ನಮ್ ಸರದಿ ನೀರ್ನೆಲ್ಲ ನಿಮ್ಮಪ್ಪನ ಗದ್ದೆಗೇ ಬುಟ್ರು ಕಣವ್ವ. ನಿಂಗೆ ಹೇಳ್ಬ್ಯಾಡ ಅಂದಿದ್ರು."

ಅವತ್ತು ದೊಡ್ಡ ಮುದ್ದೆ ಕಟ್ಟಿ ಬಡಿಸಿದೆ. ಮಾವ ತಟ್ಟೆ ನೋಡಿದರು, ಪೂರ್ತಿ ಉಂಡರು. ನಾಲಗೆ ತುದಿಗೆ ಬಂದ ಮಾತು ಹೊರಗೆ ಬರಲಿಲ್ಲ. ಆಮೇಲೆ ಹೇಳೋಣ ಅಂದುಕೊಂಡೇ ವರ್ಷಗಳು ಕಳೆದವು, ಅವರೂ ಹೋದರು.

ಸಿಂಕಿನ ಮುಂದೆ ನಿಂತೇ ಇದನ್ನೆಲ್ಲ ಹೇಳಿದೆ. ಮೊಮ್ಮಗಳು ಕೇಳಿಯೇಬಿಟ್ಟಳು: "ಸಾರಿ ಕೇಳ್ಲೇ ಇಲ್ವಾ ಅಜ್ಜಿ?"

"ಇಲ್ಲ ಕಣೇ" ಅಂದೆ. ಇಷ್ಟು ವರ್ಷ ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅಡುಗೆಮನೆಯಲ್ಲೇ ನಿಂತು, "ತಪ್ಪಾಯ್ತು ಮಾವ" ಅಂತ ಜೋರಾಗಿಯೇ ಹೇಳಿದೆ.