ನೂರಕ್ಕೆ ಒಂದು ಹೆಚ್ಚು

ಆ ಭಾನುವಾರ ನಾನು ಕೆಲಸ ಮಾಡುವ ಶೆಡ್ಡಿಗೆ ರಜೆ. ಆದರೂ ನಾನು ಮತ್ತು ನನ್ನ ತಂಗಿ ಬೆಳಿಗ್ಗೆ ಮಾಳಮಡ್ಡಿಯ ಮನೆಯಿಂದ ಹೊರಟು, ಎರಡು ಬಸ್ಸು ಬದಲಿಸಿ ಗಬ್ಬೂರಿಗೆ ಹೋದೆವು. ಅವಳ ಹೆಗಲಲ್ಲಿ ಕಾಲೇಜಿನ ಕ್ಯಾಮೆರಾ ಇತ್ತು. ನನ್ನ ಕೈಯಲ್ಲಿ ಹೆಂಡತಿ ಕಟ್ಟಿಕೊಟ್ಟ ಬುತ್ತಿ, ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಮರುದಿನದಿಂದ ಏನೂ ಮೊದಲಿನಂತೆ ಉಳಿಯಲಿಲ್ಲ, ಅದಕ್ಕಾಗಿ ಆ ದಿನ ನೆನಪಿದೆ. ಇಲ್ಲದಿದ್ದರೆ ನೆನಪಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ನಾನು ಪ್ಯಾಟರ್ನ್ ಮಾಡುವವನು. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಉಸುಕಿನಲ್ಲಿ ಅಚ್ಚು ಒತ್ತಬೇಕು, ಒತ್ತಲು ಒಂದು ಕಟ್ಟಿಗೆಯ ಮಾದರಿ ಬೇಕು. ಆ ಮಾದರಿಯನ್ನು ನಾವು ಪ್ಯಾಟರ್ನ್ ಎನ್ನುತ್ತೇವೆ. ಅಪ್ಪ ತೀರಿಕೊಂಡ ವರ್ಷ ಹತ್ತನೇ ಇಯತ್ತೆ ಮುಗಿಸಿ ಈ ಕೆಲಸಕ್ಕೆ ಸೇರಿದೆ. ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳು ಓದಿದಳು. ಚಿಕ್ಕವಳಿದ್ದಾಗ ಶೆಡ್ಡಿಗೆ ಬರುತ್ತೇನೆಂದು ಹಟ ಹಿಡಿದರೆ, "ಈ ಧೂಳಿನ್ಯಾಗ ನಿಂದೇನೈತಿ, ಕುಂತು ಓದು" ಎಂದು ಗದರಿಸುತ್ತಿದ್ದೆ. ನನ್ನ ಕೆಲಸದ ಬಗ್ಗೆ ಅವಳಿಗೆ ಏನನ್ನೂ ಹೇಳಿಕೊಟ್ಟವನಲ್ಲ. ಹೇಳುವಂಥದ್ದು ಅದರಲ್ಲಿ ಇದೆ ಎಂದು ನನಗೆ ಅನಿಸಿರಲಿಲ್ಲ.

ಅವಳು ವಿದ್ಯಾನಗರದ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ವಸ್ತುವಿನ ಸುತ್ತ ತಿರುಗುತ್ತ ನೂರಾರು ಫೋಟೋ ತೆಗೆಯಬೇಕು. ಆ ಫೋಟೋಗಳಿಂದಲೇ ಕಂಪ್ಯೂಟರು ಆ ವಸ್ತುವಿನ ಮೈಯನ್ನು ಅಳತೆ ಸಮೇತ ಮತ್ತೆ ಕಟ್ಟಬೇಕು. ಒಂದು ಸಲ ಊಟಕ್ಕೆ ಕುಳಿತಾಗ ನನ್ನ ಹೆಂಡತಿ, "ಅಂದ್ರ ಖರೇನ ಏನ್ ಮಾಡ್ತೀ ಹೇಳವಾ" ಎಂದು ಕೇಳಿದಳು.

"ಮೊದಲ ಬರೇ ಚುಕ್ಕಿ ಬರ್ತಾವ ವೈನಿ, ಲಕ್ಷಗಟ್ಟಲೆ. ಆಮ್ಯಾಲೆ ಆ ಚುಕ್ಕಿ ಮ್ಯಾಲೆ ತೆಳ್ಳನ ಬಟ್ಟಿ ಹೊಚ್ಚಿದಂಗ ಮೈ ಹೊಚ್ಚಬೇಕು."

"ರಂಗೋಲಿ ಅನ್ನು."

"ರಂಗೋಲಿಯೊಳಗ ಯಾವ ಚುಕ್ಕಿಗೆ ಯಾವ ಚುಕ್ಕಿ ಕೂಡಸಬೇಕಂತ ನಿನಗ ಗೊತ್ತಿರತೈತಿ. ಇಲ್ಲಿ ಹೇಳವರು ಯಾರೂ ಇಲ್ಲ."

"ಹಂಗಾದ್ರ ಅದಕ್ಕೂ ಒಬ್ಬಾಕಿ ವೈನಿ ಬೇಕು" ಎಂದಳು ನನ್ನ ಹೆಂಡತಿ. ಇಬ್ಬರೂ ನಕ್ಕರು. ನಾನು ತಾಟಿನಲ್ಲಿ ಕೈ ತೊಳೆದೆ.

ಅವಳ ಪ್ರೋಗ್ರಾಮು ಸರಿಯಾಗಿ ಕಟ್ಟಿತೋ ಇಲ್ಲವೋ ತಿಳಿಯಲು, ಅಳತೆ ಮೊದಲೇ ಗೊತ್ತಿರುವ ಒಂದು ವಸ್ತು ಬೇಕಿತ್ತು. ಅದನ್ನು ನಾನು ಮಾಡಿಕೊಟ್ಟೆ. ಅವಳೇ ನಕ್ಷೆ ತಂದಳು. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಗುಳಿ, ನಡುವೆ ಒಂದು ಚೂಪಾದ ಏಣು, ಉದ್ದ ಮುನ್ನೂರು ಮಿಲಿಮೀಟರ್. ಒಳ್ಳೆಯ ಸಾಗವಾನಿ ತುಂಡು ಆರಿಸಿ, ಕೆತ್ತಿ, ಪಾಲಿಶ್ ಪೇಪರಿನಿಂದ ತಿಕ್ಕಿ, ಬೂದು ಬಣ್ಣ ಹೊಡೆದು ಕೊಟ್ಟೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಅರ್ಧ ಮಾಡಿ ಬಿಟ್ಟ ಎತ್ತಿನಂತೆ ಕಾಣುತ್ತಿತ್ತು, ಬೆನ್ನ ಮೇಲೆ ಹಿಣಿಲು ಇದೆ, ತಲೆ ಇಲ್ಲ, ಕಾಲಿಲ್ಲ. ಮನೆಯಲ್ಲಿ ಅದಕ್ಕೆ ಎತ್ತು ಎಂದೇ ಹೆಸರಾಯಿತು.

ಎತ್ತು ಕಾಲೇಜಿಗೆ ಹೋದ ಮೇಲೆ ಅವಳ ನಗು ಕಡಿಮೆಯಾಯಿತು. ಕಂಪ್ಯೂಟರು ಕಟ್ಟಿದ ಎತ್ತು ನಕ್ಷೆಗಿಂತ ಚೂರು ದೊಡ್ಡದಾಗಿ ಬರುತ್ತಿತ್ತಂತೆ. ಎಷ್ಟು ಸಲ ತೆಗೆದರೂ ದೊಡ್ಡದೇ. ಲೆನ್ಸ್ ನೋಡಿದಳು. ಅಳತೆಗೆಂದು ಪಕ್ಕದಲ್ಲಿ ಇಡುವ ಚೌಕುಳಿಯ ಹಾಳೆಯನ್ನು ಮತ್ತೆ ಛಾಪಿಸಿ ಗಾಜಿಗೆ ಅಂಟಿಸಿದಳು. ಕೊನೆಗೆ ತಾನು ಬರೆದ ಪ್ರೋಗ್ರಾಮಿನಲ್ಲೇ ತಪ್ಪಿದೆ ಎಂದು ಅದನ್ನು ಮೊದಲಿನಿಂದ ಬರೆಯಲು ಕುಳಿತಳು. ಅದು ಅವಳ ಪ್ರಬಂಧದ ಕೊನೆಯ ಅಧ್ಯಾಯ. ಅಳತೆ ಕೂಡದಿದ್ದರೆ ಅಧ್ಯಾಯ ಬಿಡಬೇಕಾಗುತ್ತದೆ ಎಂದು ಅವಳ ಗೈಡ್ ಹೇಳಿದ್ದರು. "ನನಗ ಇದು ಬರೂದಿಲ್ಲ ಅನಸ್ತೈತಿ ವೈನಿ" ಎಂದು ಒಂದು ದಿನ ಅಡುಗೆ ಮನೆಯಲ್ಲಿ ಅಂದದ್ದು ನನಗೆ ಹೊರಗೆ ಕೇಳಿಸಿತು. ಅವಳು ಹಾಗೆ ಅನ್ನುವವಳಲ್ಲ.

ಪ್ರಯೋಗಾಲಯದ ಟ್ಯೂಬ್‌ಲೈಟಿನ ನೆರಳಿನಿಂದ ಹೀಗಾಗುತ್ತಿರಬಹುದೇ ಎಂದು ಅವಳಿಗೆ ಸಂಶಯ. ಅದಕ್ಕೇ ಆ ಭಾನುವಾರ ನಮ್ಮ ಶೆಡ್ಡಿಗೆ ಬಂದದ್ದು. ಅಲ್ಲಿ ಚಾವಣಿಯ ಬಿಳಿ ಫೈಬರ್ ಪತ್ರಾದಿಂದ ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಎತ್ತನ್ನು ಬೆಂಚಿನ ಮೇಲಿಟ್ಟು ಅವಳು ಸುತ್ತ ಸುತ್ತಿ ಫೋಟೋ ತೆಗೆದಳು. ನಾನು ಒಂದು ಡಬ್ಬಿಯ ಮೇಲೆ ಕುಳಿತು ನೋಡುತ್ತಿದ್ದೆ.

"ಗುಡಿ ಪ್ರದಕ್ಷಿಣಿ ಹಾಕಿದಂಗ ಹಾಕಾಕತ್ತೀಯಲ್ಲ" ಎಂದೆ. "ನಿನ್ನ ಕಂಪ್ಯೂಟರಿಗೆ ಕಣ್ಣಿನ ಡಾಕ್ಟರ್ ಕಡೆ ತೋರಸು. ಚಸ್ಮಾ ಬಂದಿರಬೇಕು."

"ನಗಬ್ಯಾಡ ಅಣ್ಣಾ. ನಿಮ್ಮ ಶೆಡ್ಡಿನ್ಯಾಗ ದೊಡ್ಡ ವರ್ನಿಯರ್ ಇಲ್ಲೇನು? ಕಾಲೇಜಿಂದು ಸಣ್ಣದು, ಇದರ ಉದ್ದಕ್ಕ ಸಾಲೂದಿಲ್ಲ."

"ಐತಿ. ಮಾಲಕರ ಕಪಾಟಿನ್ಯಾಗ. ಕೀಲಿ ಅವರ ಕಡೆ. ಅದ್ಯಾಕ ಬೇಕು, ಇದನ್ನ ತಗೋ." ಬೆಂಚಿನ ಮೇಲಿದ್ದ ನನ್ನ ಉಕ್ಕಿನ ಫೂಟ್‌ಪಟ್ಟಿ ಕೊಟ್ಟೆ. "ಇದರಿಂದ ಮಾಡಿದ್ದು, ಇದರಿಂದನ ಅಳಿ. ನಿಮ್ಮಣ್ಣನ ಕೈ ತಪ್ಪೂದಿಲ್ಲ."

ಅವಳು ಎರಡು ಕಡೆ ಗುಣಿಯಾ, ಅಂದರೆ ಮೂಲೆಮಟ್ಟ, ಹಚ್ಚಿ ನಿಧಾನವಾಗಿ ಅಳೆದಳು. "ಮುನ್ನೂರು" ಎಂದಳು. ಇನ್ನೆರಡು ಕಡೆ ಅಳೆದಳು. ಎಲ್ಲ ನಕ್ಷೆಯಂತೆ ಇತ್ತು. ಪಟ್ಟಿಯನ್ನು ಇದ್ದಲ್ಲೇ ಇಟ್ಟು, ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.

ನಾಲ್ಕರ ಹೊತ್ತಿಗೆ ಮೋಡ ಕವಿದು ಬೆಳಕು ಇಳಿಯಿತು. ಎತ್ತನ್ನು ಬೋರಲು ಹಾಕಿ ತಳದ ಫೋಟೋ ತೆಗೆಯುವುದು ಉಳಿದಿತ್ತು.

"ತಳ ಏನ್ ನೋಡ್ತೀ, ಸಪಾಟ ಐತಿ. ಕಂಪ್ಯೂಟರ್ ತಾನ ಮುಚ್ಚಗೊಳ್ಳೂದಿಲ್ಲೇನು?" ಎಂದೆ.

"ಮುಚ್ಚತೈತಿ. ಸುತ್ತಲಿನ ಅಂಚು ನೋಡಿ ಹಿಂಗ ಇರಬೇಕಂತ ಅಂದಾಜ ಮಾಡಿ ಮುಚ್ಚತೈತಿ. ನಾ ಮುಚ್ಚಗೊಡೂದಿಲ್ಲ. ಕಂಡಿಲ್ಲಂದ್ರ ಕಂಡಿಲ್ಲಂತನ ಇರಬೇಕು. ಮುಂದಿನ ಐತವಾರ ತಳ ತಗೊಳ್ಳೂಣು."

ಸೋಮವಾರ ಎಂದಿನಂತೆ ಮನೆಯಿಂದ ಇಬ್ಬರೂ ಒಂದೇ ಬಸ್ಸು ಹತ್ತಿದೆವು. ಅವಳಿಗೆ ಸೀಟು ಸಿಕ್ಕಿತ್ತು, ನಾನು ನಿಂತಿದ್ದೆ. ವಿದ್ಯಾನಗರದಲ್ಲಿ ಅವಳು ಇಳಿದಳು, ಅವಳ ಸೀಟಿನಲ್ಲಿ ನಾನು ಕುಳಿತೆ. ಗದ್ದಲದಲ್ಲಿ ಮಾತಾಡಲಿಲ್ಲ. ಅವಳು ಕೆಳಗಿನಿಂದ ಕೈ ಮಾಡಿದಳೋ ಇಲ್ಲವೋ ನಾನು ನೋಡಲಿಲ್ಲ. ಹನ್ನೊಂದಕ್ಕೆ ಫೋನು ಬಂತು. ಕಾಲೇಜಿನ ಮೆಟ್ಟಿಲ ಮೇಲೆ ಕುಸಿದಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು. ಬುಧವಾರ ಸಂಜೆ ಹೋದಳು. ಗುರುವಾರ ಮಣ್ಣು ಕೊಟ್ಟು ಬಂದೆವು.

ಮೂರು ವಾರದ ನಂತರ ಅವಳ ಜೊತೆಗೆ ಓದುತ್ತಿದ್ದ ಒಬ್ಬ ಹುಡುಗಿ ಅವಳ ಚೀಲ ತಂದುಕೊಟ್ಟಳು. ಕ್ಯಾಮೆರಾ, ಕಂಪ್ಯೂಟರು ಕಾಲೇಜಿನವು, ಅಲ್ಲೇ ಉಳಿದಿದ್ದವು. ಚೀಲದಲ್ಲಿ ಬುತ್ತಿ ಡಬ್ಬಿ, ಛತ್ರಿ, ಟವೆಲಿನಲ್ಲಿ ಸುತ್ತಿದ ಎತ್ತು, ನೋಟ್‌ಬುಕ್ಕು ಇದ್ದವು. ಹೆಂಡತಿ ಡಬ್ಬಿಯನ್ನು ತೊಳೆದಳು. ಒಂದು ಸಲ ತೊಳೆದದ್ದನ್ನು ಮತ್ತೊಂದು ಸಲ ತೊಳೆದಳು. ನಾನು ನೋಟ್‌ಬುಕ್ಕು ತೆರೆದೆ.

ಎಲ್ಲ ಇಂಗ್ಲಿಷು, ಲೆಕ್ಕ, ಬಾಣದ ಗುರುತುಗಳು. ನನಗೆ ಒಂದಕ್ಷರ ತಿಳಿಯುವಂತಿರಲಿಲ್ಲ. ಹಾಳೆ ತಿರುವುತ್ತ ಹೋದೆ. ಕೊನೆಯ ಪುಟದಲ್ಲಿ ಒಂದು ಸಣ್ಣ ಕೋಷ್ಟಕ ಇತ್ತು. ಎಡಕ್ಕೆ ನಕ್ಷೆಯ ಅಳತೆ, ಬಲಕ್ಕೆ ಕಂಪ್ಯೂಟರಿನ ಅಳತೆ. ನೂರು, ನೂರಾ ಒಂದು. ಇನ್ನೂರು, ಇನ್ನೂರಾ ಎರಡು. ಮುನ್ನೂರು, ಮುನ್ನೂರಾ ಮೂರು. ಇಡೀ ನೋಟ್‌ಬುಕ್ಕಿನಲ್ಲಿ ನನಗೆ ತಿಳಿದ ಪುಟ ಅದೊಂದೇ. ನಮ್ಮ ಕೆಲಸದ ಯಾರಿಗೆ ತೋರಿಸಿದರೂ ತಿಳಿಯುತ್ತದೆ.

ಬೀಡು ಕಬ್ಬಿಣ ಕಾದು ಕರಗಿ, ಅಚ್ಚಿನಲ್ಲಿ ತಣ್ಣಗಾಗುವಾಗ ಕುಗ್ಗುತ್ತದೆ, ನೂರಕ್ಕೆ ಒಂದರಷ್ಟು. ಆದ್ದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತ್ರಾಸು ಬೇಡವೆಂದು ನಮಗೆ ಬೇರೆ ಫೂಟ್‌ಪಟ್ಟಿ ಇರುತ್ತದೆ. ಅದರ ಮೇಲೆ ನೂರು ಎಂದು ಕೊರೆದ ಗೆರೆ ನಿಜವಾಗಿ ನೂರಾ ಒಂದರ ಮೇಲಿರುತ್ತದೆ. ನೋಡಲು ಉಳಿದ ಪಟ್ಟಿಗಳಂತೆಯೇ. ನನ್ನ ಪಟ್ಟಿಯ ತುದಿಯಲ್ಲಿ ಅದರ ಗುರುತು ಇತ್ತು, ಇಪ್ಪತ್ತು ವರ್ಷ ಹೆಬ್ಬೆರಳು ಆಡಿ ಅಳಿಸಿಹೋಗಿದೆ. ತಂಗಿಯ ನಕ್ಷೆ ಬಂದಾಗಲೂ ನಾನು ಕೈಗೆ ತೆಗೆದುಕೊಂಡದ್ದು ಆ ಪಟ್ಟಿಯನ್ನೇ. ಅವಳ ಎತ್ತು ಎರಕಕ್ಕೆ ಹೋಗುವುದಲ್ಲ, ಕುಗ್ಗುವುದಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಆಮೇಲೆ ಅವಳು ವರ್ನಿಯರ್ ಕೇಳಿದಾಗ ಕೊಟ್ಟದ್ದೂ ಅದನ್ನೇ.

ಕೋಷ್ಟಕದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದಿದ್ದಳು. "ಅಣ್ಣನ ಪಟ್ಟಿಯಿಂದ ಅಳೆದೆ, ತುಂಡು ಸರಿ ಇದೆ. ತಪ್ಪು ನನ್ನದೇ." ಅದರ ಕೆಳಗೆ, "ಮುಂದಿನ ಭಾನುವಾರ: ತಳ."

ಎಂಟು ದಿನ ಯಾರಿಗೂ ಹೇಳಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಪಟ್ಟಿ ಮುಟ್ಟದೆ ನಮ್ಮ ಕೆಲಸ ಆಗುವುದಿಲ್ಲ, ಮುಟ್ಟುತ್ತಿದ್ದೆ. ಒಂಬತ್ತನೆಯ ದಿನ ಹೆಂಡತಿಗೆ ಹೇಳಿದೆ.

"ಈಗ ಹೇಳಿದ್ರ ಏನಾಗತೈತಿರಿ. ಅಕೀ ಬರತಾಳೇನು?"

"ಇಲ್ಲ."

ಮರುದಿನ ಬೆಳಿಗ್ಗೆ ನನ್ನ ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಇಟ್ಟಿದ್ದಳು. "ಹೋಗಿ ಹೇಳಿ ಬರ್ರಿ. ಇಲ್ಲದ ತಪ್ಪು ಅಕೀ ಹೆಸರಿನ ಮ್ಯಾಲೆ ಯಾಕಿರಬೇಕು?"

ಮಾಲಕರ ಕಡೆಯಿಂದ ದೊಡ್ಡ ವರ್ನಿಯರ್ ಕೇಳಿ ತೆಗೆದುಕೊಂಡು, ಎತ್ತನ್ನು ಅದೇ ಟವೆಲಿನಲ್ಲಿ ಸುತ್ತಿ ವಿದ್ಯಾನಗರಕ್ಕೆ ಹೋದೆ. ಗೈಡ್ ಮೇಡಂ ಐವತ್ತು ದಾಟಿದವರು. ಮಣ್ಣು ಕೊಡುವ ದಿನ ಬಂದಿದ್ದರು, ಗುರುತು ಹಿಡಿದರು.

"ಬರ್ರಿ, ಕೂಡ್ರಿ. ಮನ್ಯಾಗ ಹೆಂಗಿದ್ದೀರಿ?"

"ಇದ್ದೀವ್ರಿ ಮೇಡಂ. ಒಂದು ಮಾತು ಹೇಳೂದಿತ್ತು. ತಪ್ಪು ಅಕೀದಲ್ಲರಿ, ನಂದು."

ನಿಂತೇ ಎಲ್ಲ ಹೇಳಿದೆ. ಅವರು ನನ್ನ ಪಟ್ಟಿಯನ್ನು ತಮ್ಮ ಮೇಜಿನ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿದರು. ಆರಂಭದಲ್ಲಿ ಎರಡೂ ಕೂಡಿದ್ದವು. ಮುನ್ನೂರರ ಹತ್ತಿರ ಬರುವಷ್ಟರಲ್ಲಿ ಗೆರೆಗಳು ದೂರವಾಗಿದ್ದವು. ಆಮೇಲೆ ವರ್ನಿಯರ್ ಹಚ್ಚಿ ಎತ್ತನ್ನು ಅಳೆದರು. ಮುನ್ನೂರಾ ಮೂರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೊದಲನೇ ದಿನದಿಂದ ಅಕೀ ಪ್ರೋಗ್ರಾಮ್ ಸರಿನ ಇತ್ತಲ್ರಿ" ಎಂದರು. "ನಾನರ ಏನ್ ಮಾಡಿದೆ? ನಿನ್ನ ಪ್ರೋಗ್ರಾಮ್ ನೋಡ್ಕೋ, ನಿನ್ನ ಪ್ರೋಗ್ರಾಮ್ ನೋಡ್ಕೋ ಅಂತ ಅಂದೆ. ಈ ತುಂಡನ್ನ ಒಮ್ಮೆರೆ ನಾ ಅಳೀಬೇಕಿತ್ತು. ಅಣ್ಣ ಮಾಡಿದ್ದು ಮೇಡಂ ಅಂದ್ಲು. ಮುಗೀತು, ಬಿಟ್ಟೆ."

ಅವರು ಕಂಪ್ಯೂಟರಿನಲ್ಲಿ ಅವಳ ಕೊನೆಯ ಭಾನುವಾರದ ಕೆಲಸ ತೆರೆದರು. ಸೋಮವಾರ ಬಂದ ಕೂಡಲೇ ಆ ಫೋಟೋಗಳನ್ನು ಅದಕ್ಕೆ ಹಾಕಿದ್ದಳಂತೆ. ಪರದೆಯ ಮೇಲೆ ನಮ್ಮ ಎತ್ತು ಬಂತು, ಹಿಣಿಲು, ಗುಳಿ, ಏಣು, ಎಡಗಡೆ ನನ್ನ ಉಳಿ ಚೂರು ಆಳಕ್ಕೆ ಹೋದ ಗುರುತು ಕೂಡ. ಅಳತೆ ಕೂಡದ ಜಾಗವೆಲ್ಲ ಕೆಂಪಾಗಿ ತೋರಿಸುತ್ತದಂತೆ. ಮೈಯೆಲ್ಲ ಕೆಂಪಿತ್ತು. ಮೇಡಂ ತುಂಡಿನ ನಿಜವಾದ ಅಳತೆ ಹಾಕಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎತ್ತು ತಲೆಯಿಲ್ಲದ ತುದಿಯಿಂದ ಬಾಲದ ತುದಿಯವರೆಗೆ ಹಸಿರಾಯಿತು.

"ಅಕೀ ಪ್ರಬಂಧ ನಾನ ಸಲ್ಲಸೂದದ. ಈ ಅಧ್ಯಾಯ ತಗದು ಹಾಕಿಬಿಟ್ಟಿದ್ದೆ. ಒಳಗ ಸೇರಸ್ತೀನಿ. ನಿಮ್ಮ ಪಟ್ಟಿ ವಿಷಯನೂ ಬರೀತೀನಿ, ನಡೀತದೇನ್ರಿ?"

"ಬರೀರಿ. ಹಂಗ ಬರೀರಿ."

ಅವರು ಎತ್ತನ್ನು ಪರದೆಯ ಮೇಲೆ ಹೊರಳಿಸಿದರು. ತಳದಲ್ಲಿ ಏನೂ ಇರಲಿಲ್ಲ. ಒಡೆದ ತೆಂಗಿನ ಚಿಪ್ಪಿನಂತೆ ಒಳಗೆಲ್ಲ ಟೊಳ್ಳು ಕಾಣುತ್ತಿತ್ತು.

"ಇದೊಂದು ಉಳದದ. ಒಂದು ಬಟನ್ ಒತ್ತಿದ್ರ ಮುಚ್ಚತದ. ಇಲ್ಲಾ, ತುಂಡು ಇಲ್ಲೇ ಅದಲ್ಲ, ಯಾರರ ಕಡಿಂದ ತಳದ ಫೋಟೋ ತಗಸಿ ಕೂಡಸ್ತೀನಿ."

ಕಂಡಿಲ್ಲದ್ದು ಕಂಡಿಲ್ಲವೆಂದೇ ಇರಬೇಕು ಎಂದು ಅವಳು ಶೆಡ್ಡಿನಲ್ಲಿ ಹೇಳಿದ್ದನ್ನು ಹೇಳಿದೆ. ತಳ ಅವಳೇ ತೆಗೆಯುವವಳಿದ್ದಳು ಎಂದೂ ಹೇಳಿದೆ. ಮೇಡಂ ಕೈ ಹಿಂದಕ್ಕೆ ತೆಗೆದುಕೊಂಡರು.

"ಇರಲಿ ಬಿಡ್ರಿ. ತಳ ತಗದಿಲ್ಲ ಅಂತ ಬರೀತೀನಿ."

ಅಲ್ಲಿಂದ ಬಸ್ಸು ಹಿಡಿದು ಮಧ್ಯಾಹ್ನದ ಕೆಲಸಕ್ಕೆ ಶೆಡ್ಡಿಗೆ ಹೋದೆ. ವರ್ನಿಯರ್ ಒರೆಸಿ ಮಾಲಕರಿಗೆ ಕೊಟ್ಟೆ. ಪಟ್ಟಿಯ ತುದಿಗೆ ಕೆಂಪು ಬಣ್ಣ ಹಚ್ಚಿದೆ. ಆ ಬಣ್ಣದಿಂದ ಈಗ ಯಾರಿಗೂ ಉಪಯೋಗವಿಲ್ಲ, ಶೆಡ್ಡಿನಲ್ಲಿ ಎಲ್ಲರಿಗೂ ಆ ಪಟ್ಟಿ ಏನೆಂದು ಗೊತ್ತು.

ಎರಡು ತಿಂಗಳ ಮೇಲೆ ಪ್ರಬಂಧದ ಒಂದು ಪ್ರತಿ ಮನೆಗೆ ಬಂತು, ದಪ್ಪ ರಟ್ಟಿನದು. ಹೆಂಡತಿ ಅದನ್ನು ಕಪಾಟಿನಲ್ಲಿ ತಂಗಿಯ ಸೀರೆಗಳ ಮೇಲೆ ಇಟ್ಟಿದ್ದಾಳೆ. ಕೊನೆಯ ಅಧ್ಯಾಯ ಅದರಲ್ಲಿದೆ. ಎತ್ತಿನ ಚಿತ್ರ ನಾಲ್ಕು ಕಡೆಯಿಂದ ಇದೆ, ಮೇಲಿನಿಂದಲೂ ಇದೆ. ತಳ ಇಲ್ಲ.